ಕೆರೆಗೆ ಯಾವ ಮಾಡೆಲ್ ಹಿಡಿಯೋದು?

ಕಳೆದ ಎರಡು ತಿಂಗಳಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು, "ಸರ್, ಪ್ರಾಜೆಕ್ಟಿಗೆ ಪಿಸಿಲೇಕ್ ತಗೊಳ್ಳಲಾ, ಜಿಎಲ್‌ಎಂ ತಗೊಳ್ಳಲಾ? ಗೈಡ್ ಎರಡೂ ನೋಡು ಅಂತಾರೆ" ಎಂದು ಕೇಳಿದಳು. ಬಡಾವಣೆಯ ಕೆರೆ ಸಂಘದ ಕಾರ್ಯದರ್ಶಿಯೊಬ್ಬರು, "ಕನ್ಸಲ್ಟೆಂಟ್ ಒಬ್ಬರು ಮೂರು ಆಯಾಮದ ಮಾಡೆಲ್ ಮಾಡಿಕೊಡ್ತೀವಿ ಅಂತ ಕೊಟೇಶನ್ ಕೊಟ್ಟಿದ್ದಾರೆ. ಅಷ್ಟು ದುಡ್ಡು ಹಾಕಬಹುದಾ?" ಅಂದರು. ಮೂರನೆಯವರು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ತಗೊಂಡವರು. ಅವರ ಪ್ರಶ್ನೆ ನೇರ: "ಮೀನು ಸಾಯೋದು ಮುಂಚೆನೇ ಗೊತ್ತಾಗೋ ಹಾಗೆ ಏನಾದ್ರೂ ಇದೆಯಾ?"

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಮೋಸ ಮಾಡಿದ ಹಾಗೆ. ಅದಕ್ಕೇ ಸ್ವಲ್ಪ ಕೂತು ಬರೆಯುತ್ತಿದ್ದೇನೆ.

ಮಾಡೆಲ್ ಅಂದರೆ ಇಲ್ಲಿ ಲೆಕ್ಕದಲ್ಲಿ ಕಟ್ಟಿದ ಕೆರೆ. ಆ ಹುಡುಗಿ ಕೇಳಿದ ಪಿಸಿಲೇಕ್, ಜಿಎಲ್‌ಎಂ ಇಂಥ ಲೆಕ್ಕ ಮಾಡುವ ಎರಡು ಸಾಫ್ಟ್‌ವೇರ್. ಎಷ್ಟು ನೀರು ಬಂತು, ಅದರ ಜೊತೆ ಏನು ಬಂತು, ಪಾಚಿ ಎಷ್ಟು ಬೆಳೆಯಿತು, ಅದನ್ನು ಯಾರು ತಿಂದರು, ಕೊನೆಗೆ ಎಷ್ಟು ಕೋಡಿ ಹರಿಯಿತು. ಇದನ್ನು ಒಂದು ಹಾಳೆಯಲ್ಲೂ ಮಾಡಬಹುದು, ರಾತ್ರಿಯಿಡೀ ಕಂಪ್ಯೂಟರ್ ಓಡಿಸಿಯೂ ಮಾಡಬಹುದು. ದೊಡ್ಡದೇ ಒಳ್ಳೆಯದು ಅನ್ನೋ ಭ್ರಮೆ ನನಗೂ ಇತ್ತು.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ನಿಮಗೆ ಗೊತ್ತಾಗಬೇಕಾದ್ದು ಏನು? "ಕೆರೆಯ ಆರೋಗ್ಯ ತಿಳಿಯಬೇಕು" ಅನ್ನುವುದು ಪ್ರಶ್ನೆ ಅಲ್ಲ. "ಒಳಗೆ ಬರುವ ಕೊಳಚೆಯ ರಂಜಕ (ಫಾಸ್ಫರಸ್) ಅರ್ಧಕ್ಕೆ ಇಳಿದರೆ ನೀರು ತಿಳಿಯಾಗುತ್ತಾ?" ಅನ್ನುವುದು ಪ್ರಶ್ನೆ. "ಜಿಲೇಬಿ ಮೀನು (ತಿಲಾಪಿಯಾ) ಬಂದ ಮೇಲೆ ರೋಹು, ಕಾಟ್ಲಾ ಯಾಕೆ ಕಮ್ಮಿಯಾಯಿತು?" ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಮಾಡೆಲ್ ಆಗುವುದಿಲ್ಲ.

ಎರಡನೆಯದು ಕೆರೆಯ ಆಕಾರ, ಆಳ. ನಮ್ಮ ಏರಿ ಕಟ್ಟಿದ ಕೆರೆಗಳು ತಟ್ಟೆಯ ಹಾಗೆ. ಎರಡು ಮೂರು ಮೀಟರ್ ಆಳ, ಬೇಸಿಗೆಯಲ್ಲಿ ಇನ್ನೂ ಕಮ್ಮಿ. ಹಗಲು ಮೇಲಿನ ನೀರು ಬಿಸಿಯಾಗಿ ಪದರ ಕಟ್ಟುತ್ತದೆ, ರಾತ್ರಿ ತಣ್ಣಗಾಗಿ ಮತ್ತೆ ಕಲೆಯುತ್ತದೆ. ತಿಂಗಳುಗಟ್ಟಲೆ ಪದರ ಹಿಡಿದಿಡುವ ಆಳದ ಸರೋವರಗಳಿಗೆಂದು ಬರೆದ ಮಾಡೆಲ್ ಇಲ್ಲಿ ಅರ್ಧಂಬರ್ಧ ಹೊಂದುತ್ತದೆ. ಲಿಂಗನಮಕ್ಕಿ, ಕೆ.ಆರ್.ಎಸ್. ಥರದ ಜಲಾಶಯಗಳ ಕಥೆ ಬೇರೆ.

ಮೂರನೆಯದು ಅಳತೆ. ಕೈಯಲ್ಲಿ ಈಗ ಏನಿದೆ, ಮುಂದಿನ ಒಂದು ವರ್ಷದಲ್ಲಿ ನಿಜವಾಗಿ ಏನು ಅಳೆಯಬಲ್ಲಿರಿ? ಬಹಳ ಜನ ಎಡವುವುದು ಇಲ್ಲಿ. ಸಾಫ್ಟ್‌ವೇರ್ ಮುಕ್ಕಾಲು ಪಾಲು ಪುಕ್ಕಟೆ. ದುಡ್ಡು ಹೋಗುವುದು ಲ್ಯಾಬಿನ ಪರೀಕ್ಷೆಗೆ, ಸೆನ್ಸರಿಗೆ, ಬೆಳಗಿನ ಜಾವ ದೋಣಿ ಹತ್ತುವ ಹುಡುಗರ ಕೂಲಿಗೆ.

ನಾಲ್ಕನೆಯದು ಗಡಿಯಾರ. ಕೆಲವು ಮಾಡೆಲ್ ವರ್ಷದ ಸರಾಸರಿ ಹೇಳುತ್ತವೆ, ಕೆಲವು ದಿನದ್ದು, ಕೆಲವು ಗಂಟೆಯದ್ದು. ಮೀನು ಸಾಯುವುದು ಬೆಳಗಿನ ಜಾವ ನಾಲ್ಕು ಗಂಟೆಯಿಂದ ಆರರೊಳಗೆ. ವರ್ಷದ ಸರಾಸರಿಯಲ್ಲಿ ಆ ಎರಡು ಗಂಟೆ ಎಲ್ಲಿ ಕಾಣುತ್ತದೆ ಹೇಳಿ.

ಐದನೆಯದನ್ನು ಯಾರೂ ಕೇಳುವುದಿಲ್ಲ: ಫಲಿತಾಂಶವನ್ನು ಯಾರಿಗೆ ವಿವರಿಸಬೇಕು? ವಾರ್ಡ್ ಸಭೆಯಲ್ಲಿ ಹೇಳಬೇಕು ಅಂದರೆ ಒಂದು ಹಾಳೆಯ ಲೆಕ್ಕಕ್ಕೆ ಇರುವ ತೂಕ ಇನ್ನೂರು ಗ್ರಾಫಿಗೆ ಇರುವುದಿಲ್ಲ.

ಹಾಳೆ, ಪೆನ್ಸಿಲ್ಲು, ಒಂದು ಬಿಳಿ ತಟ್ಟೆ

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಏಳು ಜನ ಇಲ್ಲಿಂದ ಶುರು ಮಾಡಬೇಕು, ಅದರಲ್ಲಿ ಅರ್ಧ ಜನ ಇಲ್ಲೇ ನಿಲ್ಲಬಹುದು.

ರಂಜಕ ಯಾಕೆ ಇಷ್ಟು ಮುಖ್ಯ ಅನ್ನೋದಕ್ಕೆ ಕೆನಡಾದ ಒಂಟಾರಿಯೊದಲ್ಲಿ ಒಂದು ಹೆಸರುವಾಸಿ ಪ್ರಯೋಗ ಆಯಿತು. 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು 226ನೇ ಸಂಖ್ಯೆಯ ಸರೋವರವನ್ನು ಪ್ಲಾಸ್ಟಿಕ್ ಪರದೆ ಹಾಕಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ಹಸಿರು ಗಂಜಿ ಆಯಿತು, ಇನ್ನೊಂದು ಹಾಗೇ ಉಳಿಯಿತು.

ಇದೇ ಕಾಲದಲ್ಲಿ ರಿಚರ್ಡ್ ಫೋಲೆನ್‌ವೈಡರ್ ಅನ್ನುವವರು ಒಳಬರುವ ರಂಜಕದಿಂದ ಕೆರೆಯ ರಂಜಕವನ್ನು ಊಹಿಸುವ ಸರಳ ಸೂತ್ರಗಳನ್ನು ಕಟ್ಟಿದರು. 1976ರ ರೂಪ ಇಷ್ಟೇ: ಒಳಬರುವ ನೀರಿನ ರಂಜಕವನ್ನು, ಒಂದಕ್ಕೆ 'ನೀರು ಕೆರೆಯಲ್ಲಿ ನಿಲ್ಲುವ ಕಾಲದ ವರ್ಗಮೂಲ' ಕೂಡಿಸಿ, ಅದರಿಂದ ಭಾಗಿಸಿ. ಕಾಲವನ್ನು ವರ್ಷದಲ್ಲಿ ಹೇಳಬೇಕು.

ಒಂದು ಲೆಕ್ಕ ಮಾಡಿಯೇ ನೋಡೋಣ. ಸುಮಾರು ಐವತ್ತು ಎಕರೆಯ ಕೆರೆ, ಅಂದರೆ 20 ಹೆಕ್ಟೇರ್. ಸರಾಸರಿ ಆಳ 2 ಮೀಟರ್. ಹಿಡಿಯುವ ನೀರು 4 ಲಕ್ಷ ಘನ ಮೀಟರ್. ದಿನಕ್ಕೆ 50 ಲಕ್ಷ ಲೀಟರ್ ಶುದ್ಧೀಕರಿಸಿದ ಕೊಳಚೆ ನೀರು ಬರುತ್ತಿದೆ ಅಂದುಕೊಳ್ಳಿ, ಅಂದರೆ 5,000 ಘನ ಮೀಟರ್. ಹಾಗಾದರೆ ನೀರು ನಿಲ್ಲುವುದು 80 ದಿನ, 0.22 ವರ್ಷ. ಅದರ ವರ್ಗಮೂಲ 0.47. ಬರುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ರಂಜಕ ಇದ್ದರೆ ಕೆರೆಯಲ್ಲಿ ಸುಮಾರು 2 ಮಿಲಿಗ್ರಾಂ ನಿಲ್ಲುತ್ತದೆ.

ಇದು ಜಾಸ್ತಿಯೋ ಕಮ್ಮಿಯೋ? ಲೀಟರಿಗೆ 0.1 ಮಿಲಿಗ್ರಾಂ ದಾಟಿದರೇ ಅತಿಪೋಷಿತ ಕೆರೆ, ಅಂದರೆ ಪಾಚಿಗೆ ಮೇವು ಮಿತಿಮೀರಿದ ಕೆರೆ, ಅಂತ ವಿಂಗಡಿಸುತ್ತಾರೆ. ನಮ್ಮದು ಅದರ ಇಪ್ಪತ್ತು ಪಟ್ಟು. ಶುದ್ಧೀಕರಣ ಘಟಕದವರು "ರಂಜಕ ಅರ್ಧ ಮಾಡ್ತೀವಿ" ಅಂದರೂ ಹತ್ತು ಪಟ್ಟು. ನೂರರಲ್ಲಿ ತೊಂಬತ್ತು ಭಾಗ ತೆಗೆದರೂ ಎರಡು ಪಟ್ಟು. ಬೇಕಾದರೆ ಮೂರು ಆಯಾಮದ ಮಾಡೆಲ್ ಓಡಿಸಿ, ಇದಕ್ಕಿಂತ ಬೇರೆ ತೀರ್ಮಾನ ಬರುವುದು ಕಷ್ಟ. ಕಾರ್ಯದರ್ಶಿಗಳೇ, ಇದು ನಿಮಗೆ.

ಇದರಲ್ಲೇ ಇನ್ನೊಂದು ಮಜಾ ಇದೆ. ನಮ್ಮ ಕೆರೆಗಳು ಒಂಟಿ ಅಲ್ಲ, ಸರಣಿ. ಒಂದರ ಕೋಡಿ ಇನ್ನೊಂದಕ್ಕೆ ಒಳಹರಿವು. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕಡೆ ಹರಿಯುವುದೂ ಹೀಗೇ, ಕೆರೆಯಿಂದ ಕೆರೆಗೆ. ಮೇಲಿನ ಲೆಕ್ಕದ ಕೆರೆಯಂಥದ್ದೇ ಸಾಲಾಗಿ ಇದ್ದರೆ, ಒಂದೊಂದು ದಾಟಿದಾಗಲೂ ರಂಜಕ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ: 3, 2, 1.4, 0.95... ಹೀಗೆ 0.1ರ ಗೆರೆಗೆ ಇಳಿಯಲು ಒಂಬತ್ತನೆಯ ಕೆರೆ ಬರಬೇಕು. ಮೊದಲ ಕೆರೆಯ ಊರಿನವರು ಬೈಯುತ್ತಾರೆ, ಕೊನೆಯ ಕೆರೆಯವರು ಹೊಗಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜೊತೆಗೆ ಸೆಕ್ಕಿ ತಟ್ಟೆ. 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಿ, ಎಷ್ಟು ಆಳಕ್ಕೆ ಮರೆಯಾಗುತ್ತದೆ ನೋಡಿ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಇಂಥ ಬಿಳಿ ತಟ್ಟೆಗಳನ್ನು ಇಳಿಸಿ ಸಮುದ್ರದ ತಿಳಿಯನ್ನು ಅಳೆದದ್ದು. ಮನೆಯಲ್ಲೇ ಮಾಡಿಕೊಳ್ಳಬಹುದು, ಕೆಲವು ನೂರು ರೂಪಾಯಿ. 1977ರಲ್ಲಿ ರಾಬರ್ಟ್ ಕಾರ್ಲ್‌ಸನ್ ಈ ಅಳತೆಯನ್ನು, ಕೆರೆ ಎಷ್ಟು ಪಾಚಿಗಟ್ಟಿದೆ ಅನ್ನುವ ಅಂಕವಾಗಿ ಬದಲಿಸುವ ಸೂತ್ರ ಕೊಟ್ಟರು. ಎರಡು ಮೀಟರ್ ಕಂಡರೆ 50, ಒಂದು ಮೀಟರ್ ಕಂಡರೆ 60, ಅರ್ಧ ಮೀಟರ್ ಕಂಡರೆ 70. ಕಾಣುವ ಆಳ ಅರ್ಧವಾದಾಗಲೆಲ್ಲ ಅಂಕ ಹತ್ತು ಏರುತ್ತದೆ.

ತೊಡಕು ಏನು? ಮಳೆ ಬಂದಾಗ ನಮ್ಮ ಕೆರೆ ಬಗ್ಗಡ. ತಟ್ಟೆ ಮರೆಯಾಗಿದ್ದು ಮಣ್ಣಿನಿಂದಲೋ ಪಾಚಿಯಿಂದಲೋ ಸೂತ್ರಕ್ಕೆ ಗೊತ್ತಿಲ್ಲ. ಕೆಮ್ಮಣ್ಣಿನ ಸೀಮೆಯಲ್ಲಿ ಸೆಕ್ಕಿ ಅಂಕವನ್ನು ಸುಮ್ನೆ ನಂಬಬೇಡಿ. ಜೊತೆಗೆ ಕ್ಲೋರೋಫಿಲ್, ಅಂದರೆ ಪಾಚಿಯ ಹಸಿರು, ಪರೀಕ್ಷೆ ಮಾಡಿಸಿ, ಅದನ್ನೂ ಕಾರ್ಲ್‌ಸನ್ ಅಂಕವಾಗಿ ಬದಲಿಸಬಹುದು. ಎರಡೂ ಅಂಕ ದೂರ ದೂರ ಬಂದರೆ ಮಣ್ಣೇ ಕಾರಣ ಅನ್ನಿ. ಫೋಲೆನ್‌ವೈಡರ್ ಸೂತ್ರಕ್ಕೂ ಮಿತಿ ಇದೆ. ಕೆರೆ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುತ್ತದೆ ಅಂತ ಅದು ನಂಬಿಕೊಂಡಿದೆ. ಮಳೆ ನೀರನ್ನೇ ನೆಚ್ಚಿಕೊಂಡು ಏಪ್ರಿಲ್‌ನಲ್ಲಿ ದನ ಮೇಯುವ ಬಯಲಾಗುವ ಕೆರೆಗೆ ಅದು ಹೊಂದುವುದಿಲ್ಲ. ಹಳೆಯ ಹೂಳಿನಿಂದ ಮೇಲೇಳುವ ರಂಜಕವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ದಶಕಗಳಿಂದ ಕೊಳಚೆ ಕುಡಿದ ಕೆರೆಗೆ ಒಳಹರಿವು ನಿಲ್ಲಿಸಿದರೂ ಕೆಲವು ವರ್ಷ ಪಾಚಿ ನಿಲ್ಲದೇ ಇರಬಹುದು, ಅದನ್ನು ಈ ಹಾಳೆ ಹೇಳುವುದಿಲ್ಲ.

ಯಾರು ಯಾರನ್ನು ತಿಂದರು: ಇಕೋಪಾತ್

ಅಮೆರಿಕದ ಸಿಯಾಟಲ್ ಊರಿನ ವಾಷಿಂಗ್ಟನ್ ಸರೋವರಕ್ಕೆ ಹರಿಯುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಹಂತ ಹಂತವಾಗಿ ಬೇರೆ ಕಡೆ ತಿರುಗಿಸಿದರು. ರಂಜಕ ಇಳಿಯಿತು, ನೀರು ತಿಳಿಯಾಯಿತು. ಇಷ್ಟನ್ನು ಹಾಳೆಯ ಲೆಕ್ಕ ಹೇಳುತ್ತಿತ್ತು. ಆದರೆ 1976ರ ಹೊತ್ತಿಗೆ ನೀರು ಯಾರೂ ಎಣಿಸದಷ್ಟು ತಿಳಿಯಾಯಿತು. ಕಾರಣ ಡ್ಯಾಫ್ನಿಯಾ, ಪಾಚಿಯನ್ನು ಸೋಸಿ ತಿನ್ನುವ ನೀರು ಚಿಗಟ. ಅದು ಆ ವರ್ಷ ಗುಂಪು ಕಟ್ಟಿಕೊಂಡು ಬಂತು. ರಂಜಕದ ಲೆಕ್ಕದಲ್ಲಿ ಡ್ಯಾಫ್ನಿಯಾಗೆ ಜಾಗವೇ ಇಲ್ಲ.

ನಿಮ್ಮ ಪ್ರಶ್ನೆ ಜೀವಿಗಳದ್ದಾದರೆ ಇಕೋಪಾತ್ ಅನ್ನುವ ಮಾಡೆಲ್ ನೋಡಿ. 1980ರ ದಶಕದ ಶುರುವಿನಲ್ಲಿ ಹವಾಯಿ ಕಡೆಯ ಒಂದು ಹವಳ ದಿಬ್ಬಕ್ಕೆ ಜೆಫ್ರಿ ಪೊಲೊವಿನಾ ಇದನ್ನು ಕಟ್ಟಿದರು. ಆಮೇಲೆ ವಿಲಿ ಕ್ರಿಸ್ಟೆನ್ಸನ್, ಡೇನಿಯಲ್ ಪಾಲಿ ಬೆಳೆಸಿದರು. ಕಾಲದ ಜೊತೆ ಬದಲಾವಣೆ ತೋರಿಸುವ ಇಕೋಸಿಮ್ ಕೂಡ ಇದರೊಳಗೇ ಬರುತ್ತದೆ. ಪುಕ್ಕಟೆ ಸಿಗುತ್ತದೆ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಮೀನು ಹೊಕ್ಕು ಅಲ್ಲಿನ ಸಣ್ಣ ಮೀನುಗಳನ್ನು ಮುಗಿಸಿದ ಕಥೆಯನ್ನು ಬಿಡಿಸಿ ನೋಡಿದ್ದೂ ಇದರಿಂದ.

ಕೆಲಸ ಹೀಗೆ. ಕೆರೆಯ ಜೀವಿಗಳನ್ನು ಹತ್ತು ಹದಿನೈದು ಗುಂಪು ಮಾಡಿ: ಪಾಚಿ, ತೇಲುವ ಸಣ್ಣ ಪ್ರಾಣಿಗಳು, ತಳದ ಹುಳುಗಳು, ಜಿಲೇಬಿ, ಕಾಟ್ಲಾ, ಆಫ್ರಿಕನ್ ಕ್ಯಾಟ್‌ಫಿಷ್, ನೀರುಕಾಗೆ, ಹೀಗೆ. ಪ್ರತಿ ಗುಂಪಿಗೂ ನಾಲ್ಕು ಅಂಕಿಗಳಿವೆ. ಅದು ಎಷ್ಟಿದೆ, ಇದ್ದ ತೂಕಕ್ಕೆ ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಎಷ್ಟು ತಿನ್ನುತ್ತದೆ, ಅದರ ಬೆಳವಣಿಗೆಯಲ್ಲಿ ಎಷ್ಟು ಪಾಲು ಬೇರೆಯವರ ಬಾಯಿಗೋ ಬಲೆಗೋ ಹೋಗುತ್ತದೆ. ಮೂರು ಕೊಟ್ಟರೆ ನಾಲ್ಕನೆಯದನ್ನು ಅದೇ ಕಂಡುಹಿಡಿಯುತ್ತದೆ. ಜೊತೆಗೆ ಯಾರು ಯಾರನ್ನು ಎಷ್ಟು ಪಾಲು ತಿನ್ನುತ್ತಾರೆ ಅನ್ನುವ ಪಟ್ಟಿ ಬೇಕು. ಮೀನುಗಳ ಅಂದಾಜು ಫಿಷ್‌ಬೇಸ್ ಅನ್ನುವ ಜಾಲತಾಣದಲ್ಲಿ ಸಿಗುತ್ತದೆ.

ಇದರ ಚೆಂದ ಇರುವುದು ಲೆಕ್ಕ ತಾಳೆಯಾಗದೇ ಇದ್ದಾಗ. ಆ ನಾಲ್ಕನೆಯ ಅಂಕಿ ಒಂದನ್ನು ದಾಟುವ ಹಾಗಿಲ್ಲ. ಯಾವುದೋ ಸಣ್ಣ ಮೀನಿಗೆ ಅದು 3 ಬಂತು ಅಂದುಕೊಳ್ಳಿ. ಅಂದರೆ ಹುಟ್ಟಿದ್ದಕ್ಕಿಂತ ಮೂರು ಪಟ್ಟು ತಿಂದಿದ್ದಾರೆ ಅಂತ ಆಯಿತು. ಹಾಗೆ ಆಗಲು ಸಾಧ್ಯವೇ ಇಲ್ಲ. ಒಂದೋ ನಿಮ್ಮ ಬಲೆಗೆ ಸಣ್ಣ ಮೀನು ಸಿಕ್ಕಿಲ್ಲ, ಇಲ್ಲಾ ದೊಡ್ಡ ಮೀನಿನ ಹೊಟ್ಟೆಯ ಲೆಕ್ಕ ತಪ್ಪಿದೆ. ನಮಗೆ ಏನು ಗೊತ್ತಿಲ್ಲ ಅನ್ನುವುದನ್ನು ಮಾಡೆಲ್ಲೇ ಎತ್ತಿ ತೋರಿಸಿದ ಹಾಗಾಯಿತು ಅಲ್ವಾ?

ನಮ್ಮ ಕೆರೆಗಳಲ್ಲಿ ಒಂದು ವಿಷಯ ಮರೆಯಬೇಡಿ. ರೋಹು, ಕಾಟ್ಲಾ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿಯುವ ನೀರು ಬೇಕು. ಅದಕ್ಕೇ ಪ್ರತಿ ವರ್ಷ ಮರಿ ಬಿತ್ತನೆ. ಆ ಮರಿಗಳನ್ನು ಹೊರಗಿಂದ ಬಂದ ಮಾಲು ಅಂತ ತೋರಿಸದೇ ಹೋದರೆ ಇಡೀ ಲೆಕ್ಕ ಜಾರುತ್ತದೆ. ಜಿಲೇಬಿ ಹಾಗಲ್ಲ, ಅದಕ್ಕೆ ಯಾರ ಬಿತ್ತನೆಯೂ ಬೇಡ. ಇದೊಂದನ್ನು ಸರಿಯಾಗಿ ಬರೆದರೆ 'ರೋಹು ಯಾಕೆ ಕಮ್ಮಿ' ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಇಕೋಪಾತ್‌ಗೆ ಬರದೇ ಇರುವುದು ಆಮ್ಲಜನಕ, ಉಷ್ಣಾಂಶ, ಹೂಳು. ಕೊಳಚೆಯ ಪ್ರಶ್ನೆಯನ್ನು ಇದಕ್ಕೆ ಕೇಳಬೇಡಿ.

ಪಿಸಿಲೇಕ್: ತಿಳಿಯೋ ಬಗ್ಗಡವೋ

ಹಾಲೆಂಡಿನ ಯಾನ್ ಯಾನ್ಸೆ ಕಟ್ಟಿದ್ದು. ಆಳವಿಲ್ಲದ ಕೆರೆಗೆಂದೇ ಹುಟ್ಟಿದ್ದು, ಅದಕ್ಕೇ ನಮಗೆ ಆಸೆ ಹುಟ್ಟಿಸುತ್ತದೆ. ಇದರ ಹಿಂದಿನ ವಿಚಾರ ಬಹಳ ಒಳ್ಳೆಯದು. ಆಳವಿಲ್ಲದ ಕೆರೆಗೆ ಎರಡು ಸ್ಥಿತಿ. ಒಂದರಲ್ಲಿ ನೀರು ತಿಳಿ, ತಳದಲ್ಲಿ ಗಿಡ. ಇನ್ನೊಂದರಲ್ಲಿ ಪಾಚಿ, ಕದಡು, ಗಿಡ ಇಲ್ಲ. ರಂಜಕ ಏರುತ್ತಾ ಹೋದರೆ ಮೊದಲು ಏನೂ ಆಗುವುದಿಲ್ಲ, ಒಂದು ದಿನ ಕೆರೆ ದಬಕ್ಕನೆ ಇನ್ನೊಂದು ಸ್ಥಿತಿಗೆ ಮಗುಚುತ್ತದೆ. ವಾಪಸ್ ಬರಬೇಕಾದರೆ ಹೋದ ಮಟ್ಟಕ್ಕೆ ಇಳಿಸಿದರೆ ಸಾಲದು, ಅದಕ್ಕಿಂತ ಬಹಳ ಕೆಳಗೆ ಇಳಿಸಬೇಕು. ಹಾಲೆಂಡಿನ ವೆಲುವೆ ಸರೋವರದಲ್ಲಿ 1960ರ ದಶಕದ ಕೊನೆಗೆ ಮಾಯವಾದ ತಳದ ಗಿಡಗಳು ಮತ್ತೆ ಹಬ್ಬಿದ್ದು 1990ರ ದಶಕದಲ್ಲಿ. ಆ ಎರಡು ಗಡಿಗಳನ್ನು ನಿಮ್ಮ ಕೆರೆಗೆ ಲೆಕ್ಕ ಹಾಕಿಕೊಡುವುದೇ ಪಿಸಿಲೇಕ್‌ನ ಮುಖ್ಯ ಕೆಲಸ. ಆಳ, ಗಾಳಿ ಬೀಸುವ ಅಗಲ, ತಳದ ಮಣ್ಣು, ದಡದ ಜೊಂಡು, ಒಳಬರುವ ನೀರು, ರಂಜಕ, ಸಾರಜನಕ ಕೊಟ್ಟರೆ ಓಡುತ್ತದೆ. ಆಳದ ಕೆರೆಗಳಿಗೂ ಹೊಂದಿಸಿದ ಪಿಸಿಲೇಕ್ ಪ್ಲಸ್ 2019ರಲ್ಲಿ ಬಂತು.

ನಾನು ಮೊದಲ ಸಲ ಓಡಿಸಿದಾಗ ಜನವರಿಯಲ್ಲಿ ನಮ್ಮ ಕೆರೆಯ ಪಾಚಿ ಬೆಳೆಯುವುದೇ ನಿಂತುಹೋಯಿತು. ಎಷ್ಟು ಖುಷಿಪಟ್ಟೆ ಅಂತೀರಿ! ಎರಡು ದಿನ ಆದ ಮೇಲೆ ಗೊತ್ತಾಯಿತು, ಒಳಗೆ ಹಾಲೆಂಡಿನ ಹವಾಮಾನವೇ ಉಳಿದಿತ್ತು. ಬದಲಾಯಿಸುವುದು ಮರೆತಿದ್ದೆ.

ಹವಾಮಾನ ಬದಲಾಯಿಸುವುದು ಸುಲಭ. ಮೀನು ಬದಲಾಯಿಸುವುದು ಕಷ್ಟ. ಒಳಗಿರುವ ಮೀನುಗಳು ಯುರೋಪಿನ ತಂಪು ನೀರಿನವು. ಅವು ವರ್ಷಕ್ಕೊಂದು ಸಲ ಮರಿ ಮಾಡುತ್ತವೆ. ನಮ್ಮ ಜಿಲೇಬಿ ವರ್ಷವಿಡೀ ಮಾಡುತ್ತಲೇ ಇರುತ್ತದೆ. ಸಣ್ಣ ಮೀನಿನ ಕಾಟಕ್ಕೆ ದೊಡ್ಡ ಡ್ಯಾಫ್ನಿಯಾ ಇಲ್ಲಿ ತಲೆ ಎತ್ತುವುದೇ ಅಪರೂಪ. ಹಾಗಾಗಿ 'ಮೀನು ತೆಗೆದರೆ ನೀರು ತಿಳಿಯಾಗುತ್ತದೆ' ಅನ್ನುವ ಅಲ್ಲಿನ ಉಪಾಯವನ್ನು ಮಾಡೆಲ್ ಸಲಹೆ ಮಾಡಿದರೂ ಕಣ್ಣು ಮುಚ್ಚಿ ಒಪ್ಪಬೇಡಿ. ಇನ್ನೊಂದು ವಿಷಯ, ನಮ್ಮಲ್ಲಿ ಮೂರನೆಯ ಸ್ಥಿತಿಯೂ ಇದೆ: ಇಡೀ ಕೆರೆ ವಾಟರ್ ಹಯಸಿಂತ್ ಹೊದ್ದು ಮಲಗುವುದು. ನಮ್ಮ ಕಡೆ ಇದಕ್ಕೂ ಅಂತರಗಂಗೆ ಅಂತಲೇ ಅನ್ನುತ್ತಾರೆ. ಬೆಳಕು ತಳಕ್ಕೆ ಇಳಿಯದೇ ತಳದ ಗಿಡ, ಪಾಚಿ ಎರಡೂ ಸೋಲುತ್ತವೆ, ನೀರಿನಲ್ಲಿ ಆಮ್ಲಜನಕವೂ ಕುಸಿಯುತ್ತದೆ. ಬೆಳ್ಳಂದೂರು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ಕೆರೆಗೆ ಪಿಸಿಲೇಕ್ ಅನ್ನು ಇದ್ದ ಹಾಗೇ ಬಳಸುವುದು ವ್ಯರ್ಥ.

ಹಾಗಾದರೆ ಯಾರಿಗೆ? ಮಲೆನಾಡಿನ ಅಂಚಿನಲ್ಲೋ ಬಯಲು ಸೀಮೆಯಲ್ಲೋ ಇನ್ನೂ ತಳದ ಗಿಡ ಉಳಿಸಿಕೊಂಡಿರುವ ಕೆರೆ ಇದ್ದು, "ಇದು ಮಗುಚಲು ಇನ್ನೆಷ್ಟು ದೂರ?" ಅಂತ ಕೇಳುವವರಿಗೆ. ಆ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಈಗಾಗಲೇ ಮಗುಚಿದ ನಗರದ ಕೆರೆಗೆ ಹಾಳೆಯ ಲೆಕ್ಕವೇ ಸಾಕು.

ಜಿಎಲ್‌ಎಂ: ಗಂಟೆಯ ಲೆಕ್ಕ ಬೇಕಾದವರಿಗೆ

ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಕೆರೆಯನ್ನು ಒಂದರ ಮೇಲೊಂದು ಪೇರಿಸಿದ ದೋಸೆಗಳ ಹಾಗೆ ನೋಡುತ್ತದೆ. ಪ್ರತಿ ಪದರದ ಉಷ್ಣಾಂಶ, ಕಲೆಯುವಿಕೆಯನ್ನು ಗಂಟೆ ಗಂಟೆಗೂ ಲೆಕ್ಕ ಹಾಕುತ್ತದೆ. ಇದಕ್ಕೆ ಎಇಡಿ ಅನ್ನುವ ಇನ್ನೊಂದು ತುಂಡು ಜೋಡಿಸಿದರೆ ಆಮ್ಲಜನಕ, ರಂಜಕ, ಪಾಚಿ ಕೂಡ ಸಿಗುತ್ತದೆ. ಎರಡೂ ಮುಕ್ತ. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬರುವ ವಿದ್ಯಾರ್ಥಿಗಳಿಗೆ ಹತ್ತಿರವಾಗುತ್ತದೆ. ನೀರಿನ ಮಟ್ಟ ಏರಿಳಿಯುವುದನ್ನು ಸಲೀಸಾಗಿ ತಗೊಳ್ಳುತ್ತದೆ, ನಮ್ಮ ಕೆರೆಗಳಿಗೆ ಇದು ದೊಡ್ಡ ಗುಣ.

ಬೇಕಾಗುವುದು ಬಿಸಿಲು, ಗಾಳಿ, ತೇವ, ಮಳೆಯ ಲೆಕ್ಕ, ಒಳಹರಿವು, ಹೊರಹರಿವು, ಮತ್ತೆ ಯಾವ ಮಟ್ಟಕ್ಕೆ ಎಷ್ಟು ವಿಸ್ತೀರ್ಣ ಅನ್ನುವ ಪಟ್ಟಿ. ಹವಾಮಾನ ಕೇಂದ್ರ ಹತ್ತಿರ ಇಲ್ಲದಿದ್ದರೆ ಯುರೋಪಿನ ಇಆರ್‌ಎ5 ದತ್ತಾಂಶದಲ್ಲಿ ಗಂಟೆಗಂಟೆಯ ಅಂಕಿಗಳು ಪುಕ್ಕಟೆ ಸಿಗುತ್ತವೆ. ಸಮಸ್ಯೆ ಬರುವುದು ಒಳಹರಿವಿನಲ್ಲಿ. ರಾಜಕಾಲುವೆಯಲ್ಲಿ ಎಷ್ಟು ಹರಿಯುತ್ತಿದೆ ಅನ್ನುವುದನ್ನು ಯಾರೂ ಅಳೆದಿರುವುದಿಲ್ಲ. ಕೋಡಿಯ ಮೇಲೆ ಒಂದು ಅಳತೆಪಟ್ಟಿ ಬರೆದು ದಿನಾ ಓದುವುದು ಇದಕ್ಕೆ ಅಗ್ಗದ ದಾರಿ. ಊರಿನ ನೀರುಗಂಟಿಗೆ ಕಣ್ಣಳತೆಯಲ್ಲಿ ಗೊತ್ತಿದ್ದದ್ದನ್ನೇ ನಾವೀಗ ಅಂಕಿ ಮಾಡುತ್ತಿದ್ದೇವೆ.

ಮೀನು ಸಾಯುವ ಪ್ರಶ್ನೆ ಇಲ್ಲಿಗೆ ಬರುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಇಂಥ ಕಡೆ ಬಹಳ ಸಲ ನಡೆಯುವುದು ಹೀಗೆ: ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಪಾಚಿಯೂ ಕೊಳೆಯೂ ಸೇರಿ ಅದನ್ನೇ ಉಸಿರಾಡಿ ಮುಗಿಸುತ್ತವೆ. ಬೆಂಗಳೂರಿನ ಎತ್ತರದಲ್ಲಿ 25 ಡಿಗ್ರಿ ನೀರು ತಾನಾಗಿ ಹಿಡಿದಿಡುವ ಆಮ್ಲಜನಕ ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ. ಮಧ್ಯಾಹ್ನ ಮೂರಕ್ಕೆ 14 ಬಂತು ಅಂತ ಖುಷಿ ಪಡಬೇಡಿ, ಅಷ್ಟು ಪಾಚಿ ಇದೆ ಅಂತ ಅರ್ಥ. ಬೆಳಗಿನ ಜಾವ ಅದು ಒಂದಕ್ಕೆ ಇಳಿದಿರಬಹುದು. ಮೋಡ ಮುಸುಕಿ, ಗಾಳಿ ನಿಂತು ಎರಡು ದಿನ ಕಳೆದರೆ ಅಪಾಯ. ಮಾನ್ಸೂನಿಗೆ ಮುಂಚಿನ ಮೊದಲ ಜೋರು ಮಳೆ ಚರಂಡಿಯ ಕೊಳೆಯನ್ನೆಲ್ಲ ಒಮ್ಮೆಲೇ ತಂದು ಸುರಿದರೂ ಅಪಾಯ.

ಜಿಎಲ್‌ಎಂ ಈ ದಿನ-ರಾತ್ರಿಯ ಆಟವನ್ನು ಹಿಡಿಯಬಲ್ಲದು. ಆದರೆ ಒಂದು ಷರತ್ತು. ತಾಳೆ ನೋಡಲು ನಿಮ್ಮ ಹತ್ತಿರ ರಾತ್ರಿಯ ಅಳತೆ ಇರಬೇಕು. ತಿಂಗಳಿಗೊಂದು ಸಲ ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ಹನ್ನೆರಡು ಸ್ಯಾಂಪಲ್ ಇಟ್ಟುಕೊಂಡು ಗಂಟೆಯ ಮಾಡೆಲ್ ಸರಿ ಅಂತ ಸಾಬೀತು ಮಾಡುವುದು ಆಗದ ಮಾತು. ಅಂಥ ಪ್ರಬಂಧಗಳು ಬರುತ್ತವೆ, ಓದಿದಾಗ ಸಂಕಟವಾಗುತ್ತದೆ.

ಇನ್ನೊಂದು ಮಿತಿ, ದೋಸೆಯ ಹೋಲಿಕೆಯಲ್ಲೇ ಇದೆ. ಒಂದು ಪದರದೊಳಗೆ ಎಲ್ಲ ಕಡೆಯೂ ಒಂದೇ ನೀರು ಅಂತ ಅದು ಅಂದುಕೊಳ್ಳುತ್ತದೆ. ಬಾಯಿಯಲ್ಲಿ ಕೊಳಚೆ, ಕೋಡಿಯಲ್ಲಿ ಪರವಾಗಿಲ್ಲ ಅನ್ನುವ ಕೆರೆಗೆ ಈ ಮಾಡೆಲ್ ಎರಡನ್ನೂ ಸೇರಿಸಿ ಸರಾಸರಿ ಕೊಡುತ್ತದೆ. ಆ ಸರಾಸರಿ ನೀರು ಕೆರೆಯ ಯಾವ ಮೂಲೆಯಲ್ಲೂ ಇಲ್ಲದೇ ಇರಬಹುದು.

ಎರಡು, ಮೂರು ಆಯಾಮದವು

ಉದ್ದಕ್ಕೆ ಚಾಚಿದ ಕಣಿವೆ ಜಲಾಶಯಕ್ಕೆ ಸಿಇ-ಕ್ವಾಲ್-ಡಬ್ಲ್ಯು2 ಹೇಳಿ ಮಾಡಿಸಿದ್ದು. ಉದ್ದ, ಆಳ ಎರಡನ್ನೂ ನೋಡುತ್ತದೆ, ಅಗಲವನ್ನು ಸರಾಸರಿ ಮಾಡುತ್ತದೆ. ಅಣೆಕಟ್ಟಿನ ಯಾವ ಮಟ್ಟದ ತೂಬಿನಿಂದ ನೀರು ಬಿಟ್ಟರೆ ಕೆಳಗಿನ ಹೊಳೆಗೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಇದು ಸರಿ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ಇದನ್ನು ನೋಡಿಕೊಳ್ಳುತ್ತದೆ, ಪುಕ್ಕಟೆ. ದುಂಡಗಿನ ಊರ ಕೆರೆಗೆ ಬೇಡ.

ಮೂರು ಆಯಾಮದ ಡೆಲ್ಫ್ಟ್3ಡಿ ಥರದವು ಬೇಕಾಗುವುದು ಜಾಗದ ಪ್ರಶ್ನೆಗೆ. ಹಲವು ಕಡೆಯಿಂದ ನೀರು ಬರುವ, ಸುಮಾರು 900 ಎಕರೆಯ ಬೆಳ್ಳಂದೂರಿನಂಥ ಕಡೆ "ಯಾವ ಕಾಲುವೆಯ ನೀರು ಎಲ್ಲಿ ನಿಂತು ಕೊಳೆಯುತ್ತದೆ, ತಿರುವು ಕಾಲುವೆ ಎಲ್ಲಿ ತೆಗೆಯಬೇಕು" ಅಂದರೆ ಇದಕ್ಕೆ ಅರ್ಥವಿದೆ. ಅದಕ್ಕೆ ತಳದ ಪೂರ್ತಿ ಸರ್ವೆ, ಹಲವು ಜಾಗದ ಅಳತೆ, ಇದೇ ಕೆಲಸ ಗೊತ್ತಿರುವ ಎಂಜಿನಿಯರ್, ತಿಂಗಳುಗಟ್ಟಲೆ ಸಮಯ ಬೇಕು. ಕೊಟೇಶನ್ ಬಂದಾಗ ಒಂದೇ ಮಾತು ಕೇಳಿ: "ಇದನ್ನು ಯಾವ ಅಳತೆಯ ಜೊತೆ ತಾಳೆ ನೋಡ್ತೀರಿ?" ಉತ್ತರ ತಡವರಿಸಿದರೆ ಅವರು ಮಾರುತ್ತಿರುವುದು ಬಣ್ಣದ ಚಿತ್ರ.

ಹಕ್ಕಿಗಳಿಗೆ ಬೇರೆ ದಾರಿ

ಒಂದು ಜೀವಿ ಎಲ್ಲಿರುತ್ತದೆ ಅನ್ನುವುದಷ್ಟೇ ಪ್ರಶ್ನೆಯಾದರೆ ಮೇಲಿನ ಯಾವುದೂ ಬೇಡ. 2006ರಲ್ಲಿ ಬಂದ ಮ್ಯಾಕ್ಸೆಂಟ್, ಜೀವಿ ಕಂಡ ಜಾಗಗಳ ಪಟ್ಟಿ ಮತ್ತು ಪರಿಸರದ ನಕ್ಷೆಗಳಿಂದ ಅದಕ್ಕೆ ಹೊಂದುವ ಜಾಗಗಳನ್ನು ಊಹಿಸುತ್ತದೆ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ನಮ್ಮ ಕೆರೆಗಳ ಹಕ್ಕಿ ಪಟ್ಟಿ ರಾಶಿ ಇದೆ. ಆದರೆ ಅದು ಹಕ್ಕಿಗಳ ಲೆಕ್ಕ ಹೇಗೋ ಹಕ್ಕಿ ನೋಡುವವರ ಲೆಕ್ಕವೂ ಹೌದು. ಗೇಟು ತೆರೆದಿರುವ, ಕಾರು ನಿಲ್ಲಿಸಲು ಜಾಗವಿರುವ ಕೆರೆಗೆ ಭಾನುವಾರ ಜನ ಹೋಗುತ್ತಾರೆ. ಒಂದೇ ಕೆರೆಗೆ ಮತ್ತೆ ಮತ್ತೆ ಹೋಗಿ 'ಕಂಡಿತು, ಕಾಣಲಿಲ್ಲ' ಎರಡನ್ನೂ ಬರೆದಿಡುವ ತಂಡ ನಿಮ್ಮಲ್ಲಿದ್ದರೆ ಆಕ್ಯುಪೆನ್ಸಿ ಮಾಡೆಲ್ ಹಿಡಿಯಿರಿ. ಕಾಣದೇ ಹೋಗಿದ್ದು ಹಕ್ಕಿ ಇಲ್ಲದ್ದಕ್ಕೋ ನಮ್ಮ ಕಣ್ಣಿಗೆ ಬೀಳದ್ದಕ್ಕೋ ಅನ್ನುವುದನ್ನು ಅದು ಬೇರ್ಪಡಿಸುತ್ತದೆ.

ಗದಗದ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತಿನ ಮೇಲೆ ಕೆಲಸ ಮಾಡುವ ಆಸೆ ಇರುವವರಿಗೆ ಒಂದು ಮಾತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಕೆರೆ ಅದು. ಬಾತುಗಳು ಕೆರೆಯಲ್ಲಿ ತಂಗುತ್ತವೆ, ಮೇಯುವುದು ಸುತ್ತಲ ಹೊಲಗಳಲ್ಲಿ. ನೀರನ್ನು ಎಷ್ಟು ಚೆನ್ನಾಗಿ ಅಳೆದರೂ ಹೊಲದಲ್ಲಿ ಏನು ಬೆಳೆ ಇದೆ ಅನ್ನುವುದನ್ನು ಸೇರಿಸದೇ ಅವುಗಳ ಸಂಖ್ಯೆ ಅರ್ಥವಾಗುವುದಿಲ್ಲ.

ಈಗ ಆ ಮೂವರಿಗೆ

ಕಾರ್ಯದರ್ಶಿಯವರು ಕೊಟೇಶನ್ ಪಕ್ಕಕ್ಕಿಟ್ಟು ಒಂದು ಸೆಕ್ಕಿ ತಟ್ಟೆ, ಕೋಡಿಗೆ ಒಂದು ಅಳತೆಪಟ್ಟಿ, ತಿಂಗಳಿಗೊಂದು ರಂಜಕದ ಪರೀಕ್ಷೆ ಶುರು ಮಾಡಲಿ. ಒಳಬರುವ ಜಾಗದಲ್ಲಿ ಒಂದು ಸ್ಯಾಂಪಲ್, ಕೋಡಿಯಲ್ಲಿ ಒಂದು. ವರ್ಷವಾದ ಮೇಲೆ ಹಾಳೆಯ ಲೆಕ್ಕ ಹಾಕಲಿ. ಲೆಕ್ಕಕ್ಕಿಂತ ಕೆರೆಯಲ್ಲಿ ರಂಜಕ ಬಹಳ ಜಾಸ್ತಿ ಬಂದರೆ ಹೂಳಿನ ಮೇಲೆ ಅನುಮಾನ ಪಡಬೇಕು, ಆಗ ದೊಡ್ಡ ಮಾಡೆಲ್‌ಗೆ ದುಡ್ಡು ಹಾಕಲು ಒಂದು ಕಾರಣ ಸಿಕ್ಕಿತು.

ವಿದ್ಯಾರ್ಥಿನಿಗೆ ಕೇಳಿದೆ, ಎಷ್ಟು ಸಮಯ ಇದೆ? ಎಂಟು ತಿಂಗಳು. ಕೆರೆ? ನಗರದ್ದು, ಪಾಚಿ ತುಂಬಿದ್ದು. ಹಾಗಾದರೆ ಪಿಸಿಲೇಕ್ ಬೇಡ. ವಿಭಾಗದಲ್ಲಿ ಆಮ್ಲಜನಕ ದಾಖಲಿಸುವ ಒಂದು ಲಾಗರ್ ಇದೆಯಂತೆ. ಅದನ್ನು ಎರಡು ವಾರ ನೀರಿಗೆ ಬಿಟ್ಟು ಜಿಎಲ್‌ಎಂ ಮಾಡಲಿ. ಮೊದಲು ಬರೀ ಉಷ್ಣಾಂಶ, ಅದು ತಾಳೆಯಾದ ಮೇಲೆ ಆಮ್ಲಜನಕ. ಅಲ್ಲಿಗೇ ನಿಂತರೂ ಒಳ್ಳೆಯ ಪ್ರಬಂಧ. ಸಮಯ ಉಳಿದರೆ ಲೇಕ್‌ಎನ್‌ಸೆಂಬಲ್‌ಆರ್ ಅನ್ನುವ ಆರ್ ಪ್ಯಾಕೇಜ್ ಇದೆ. ಅದು ಜಿಎಲ್‌ಎಂ ಜೊತೆ ಇನ್ನೂ ನಾಲ್ಕು ಮಾಡೆಲ್‌ಗಳ ಉಷ್ಣಾಂಶದ ಲೆಕ್ಕವನ್ನು ಒಟ್ಟಿಗೆ ಓಡಿಸುತ್ತದೆ, ಐದೂ ಎಲ್ಲಿ ಜಗಳವಾಡುತ್ತವೆ ಅಂತ ನೋಡಬಹುದು.

ಮೀನಿನ ಗುತ್ತಿಗೆದಾರರಿಗೆ ನಾನು ಯಾವ ಮಾಡೆಲ್ಲೂ ಹೇಳಲಿಲ್ಲ. ಒಂದು ಕೈಮೀಟರ್ ಕೊಂಡು, ಬೇಸಿಗೆಯಲ್ಲಿ ದಿನಾ ಬೆಳಗಿನ ಜಾವ ಐದಕ್ಕೆ ಒಂದೇ ಜಾಗದಲ್ಲಿ ಆಮ್ಲಜನಕ ಅಳೆದು, ಮೋಡ, ಗಾಳಿ, ಮಳೆ ಜೊತೆ ನೋಟ್‌ಬುಕ್‌ನಲ್ಲಿ ಬರೆಯಿರಿ ಅಂದೆ. ಜೀವಿಗಳಿಗೂ ಮೀನುಗಾರಿಕೆಗೂ ಆಗುವ ನೀರು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗಳು ಇಟ್ಟಿರುವ ಗೆರೆ ಲೀಟರಿಗೆ 4 ಮಿಲಿಗ್ರಾಂ. ಬೆಳಗಿನ ಜಾವದ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಾ ಎರಡರ ಹತ್ತಿರ ಬಂದರೆ ಅವತ್ತೇ ದೊಡ್ಡ ಮೀನು ಹಿಡಿದು ಮಾರಿಬಿಡಿ ಅಂತಲೂ ಹೇಳಿದೆ. ಎರಡು ಬೇಸಿಗೆ ಕಳೆದ ಮೇಲೆ ಆ ನೋಟ್‌ಬುಕ್ ನನಗೆ ಕೊಡುತ್ತೀರಾ ಅಂತ ಕೇಳಿದ್ದೇನೆ. ಆ ಹುಡುಗಿಯ ಮಾಡೆಲ್‌ಗೆ ತಾಳೆ ನೋಡಲು ಅಂಥ ಪುಸ್ತಕ ಬೇರೆ ಎಲ್ಲೂ ಸಿಗುವುದಿಲ್ಲ.